ಯುಗಾದಿಗೆ 25 ಜನ, 20 ನಿಮಿಷ: ಸಂಕಲ್ಪಕ್ಕೆ ಒಪ್ಪುವ ಹೊಸತನದ ಹಾಡು ಯಾವುವು?

ಬಡಾವಣೆ_ಗಾನಬಳಗ
ಎಲ್ಲರಿಗೂ ನಮಸ್ಕಾರ. ಯುಗಾದಿ ಸಂಜೆಗೆ ಒಂದು ಸಮೂಹಗಾಯನ ಜೋಡಿಸಬೇಕಿದೆ. ಹಾಡೋರು 25 ಜನ: 14 ಹೆಂಗಸರು, 6 ಗಂಡಸರು, 5 ಮಕ್ಕಳು. ಸಂಗೀತ ಕಲಿತವರು ಇಬ್ಬರೋ ಮೂವರೋ ಅಷ್ಟೆ. ವೇದಿಕೆ ಮೇಲೆ ಸಿಗೋದು 20 ನಿಮಿಷ. ಈ ಸಲ ಹಾಡಿ ಇಳಿದರೆ ಮುಗಿಯೋದಿಲ್ಲ. ಬಂದವರೆಲ್ಲ ವರ್ಷದ ಸಂಕಲ್ಪ ಒಂದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು, ಹಾಡುಗಳು ಆ ಕೆಲಸಕ್ಕೆ ಮನಸ್ಸು ತರಬೇಕು. ಬೇಂದ್ರೆಯವರ ‘ಯುಗ ಯುಗಾದಿ ಕಳೆದರೂ’ ಇದ್ದೇ ಇರುತ್ತೆ. ಅದರ ಜೊತೆ ಏನು ಹಾಕೋಣ? ಯಾವ ಶ್ರುತಿ, ಯಾವ ಕ್ರಮ? ಕರೋಕೆ ಟ್ರ್ಯಾಕ್ ಸಾಕಾ, ಇಲ್ಲ ಹಾರ್ಮೋನಿಯಂ, ತಬಲಾ ಬೇಕೇ ಬೇಕಾ?

ಕೆಂಪುಗುಲಾಬಿ
‘ಯುಗ ಯುಗಾದಿ’ ಸಿನಿಮಾ ಹಾಡು ಅಲ್ವಾ? ಟ್ರ್ಯಾಕ್ ಬೇಕಾದಷ್ಟು ಸಿಗುತ್ತೆ. ಹಾಕಿ, ಹಾಡಿ, ಮುಗೀತು.

ಛಂದಸ್ಸಿನ_ಹುಚ್ಚು
ಮೊದಲು ಅದು ಕವಿತೆ, ಆಮೇಲೆ ಸಿನಿಮಾಕ್ಕೆ ಬಂತು. 1963ರ ‘ಕುಲವಧು’ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ರಾಗ ಹಾಕಿದರು, ಎಸ್. ಜಾನಕಿ ಹಾಡಿದರು. ನಾವೆಲ್ಲ ಗುನುಗೋದು ಆ ಧಾಟಿಯನ್ನೇ.

ಆದರೆ ಸಂಕಲ್ಪದ ಕಾರ್ಯಕ್ರಮ ಅಂದ್ರಲ್ಲ, ಅದಕ್ಕೇ ಒಂದು ಮಾತು. ಈ ಪದ್ಯವನ್ನು ಬಹಳ ಕಡೆ ಹೊಂಗೆ ಹೂವು, ಬೇವಿನ ಕಹಿ ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ಹೊಡೆಸಿಬಿಡ್ತಾರೆ. ಕವಿ ಅಲ್ಲಿಗೆ ನಿಂತಿಲ್ಲ. ಮಿಕ್ಕ ಜೀವಜಾತಕ್ಕೆಲ್ಲ ವರ್ಷಕ್ಕೊಂದು ಹೊಸ ಜನ್ಮ, ನಮಗೆ ಮಾತ್ರ ಒಂದೇ ಬಾಲ್ಯ ಒಂದೇ ಹರೆಯ ಯಾಕೆ ಅಂತ ಕೇಳ್ತಾರೆ. ಕೊನೆಯ ಸಾಲು ‘ನಮ್ಮನಷ್ಟೆ ಮರೆತಿದೆ’. ಅಂದರೆ ಯುಗಾದಿ ಎಲ್ಲರಿಗೂ ಹೊಸತು ತಂತು, ಮನುಷ್ಯನನ್ನು ಬಿಟ್ಟು. ಪೂರ್ತಿ ಹಾಡಿದರೆ ಅದು ಹಬ್ಬದ ಖುಷಿಯ ಜೊತೆಗೆ ಒಂದು ಪ್ರಶ್ನೆಯನ್ನೂ ಎತ್ತುತ್ತೆ. ಸಂಕಲ್ಪ ಅದಕ್ಕೆ ಉತ್ತರವಾಗಿ ಬರಬೇಕು. ಹಾಗಾಗಿ ಇದು ಮೊದಲ ಹಾಡಾಗಲಿ. ಕೊನೆಗೆ ಇಟ್ಟರೆ ಪ್ರಶ್ನೆ ಕೇಳಿ ಜನರನ್ನು ಮನೆಗೆ ಕಳಿಸಿದ ಹಾಗಾಗುತ್ತೆ.

ಮಲ್ನಾಡ್_ಮಳೆ
ಒಪ್ಪಲ್ಲ. ಹಬ್ಬದ ದಿನ ಜನ ಸಂತೋಷಕ್ಕೆ ಬರ್ತಾರೆ, ತತ್ತ್ವ ಕೇಳೋಕಲ್ಲ. ಮೊದಲ ಮೂರು ನುಡಿ ಸಾಕು.

ಛಂದಸ್ಸಿನ_ಹುಚ್ಚು
ಸಂತೋಷ ಬೇಡ ಅಂತ ನಾನೆಲ್ಲಿ ಹೇಳಿದೆ? ಅರ್ಧ ಪದ್ಯ ಹಾಡಿ ಬೇಂದ್ರೆ ಹೆಸರು ಹೇಳಬಾರದು ಅಷ್ಟೆ. ಪೂರ್ತಿ ಹಾಡೋಕೆ ಒಂದೂವರೆ ನಿಮಿಷ ಹೆಚ್ಚು ಹಿಡಿಯುತ್ತೆ. 20 ನಿಮಿಷದಲ್ಲಿ ಅದಕ್ಕೆ ಜಾಗ ಇದೆ.

ಶ್ರುತಿಪೆಟ್ಟಿಗೆ
ಹಾಡು ಆರಿಸೋ ಮುಂಚೆ ಶ್ರುತಿ ಇತ್ಯರ್ಥ ಮಾಡ್ಕೊಳ್ಳಿ. ಮಿಶ್ರ ಗುಂಪು ಕೆಡೋದೇ ಇಲ್ಲಿ.

ಕಲಿಯದ ಹೆಂಗಸರ ದನಿ ಕೆಳಗೆ ನಾಲ್ಕನೇ ಮನೆ (ಹಾರ್ಮೋನಿಯಂನ ನಾಲ್ಕನೇ ಬಿಳಿ ಕೀಲಿ, F) ದಾಟಿ ಇಳಿದರೆ ಗಾಳಿಯಾಗಿಬಿಡುತ್ತೆ. ಕಲಿಯದ ಗಂಡಸರು ಮೇಲಿನ ಮೂರನೇ ಮನೆ ದಾಟಿದರೆ ಕೂಗ್ತಾರೆ. ಒಟ್ಟಿಗೆ ಒಂದೇ ದನಿಯಲ್ಲಿ ಹಾಡೋಕೆ ಇಬ್ಬರಿಗೂ ಸಲೀಸಾದ ಜಾಗ ಒಂದು ಸ್ಥಾಯಿಗಿಂತ (‘ಸ’ದಿಂದ ಮೇಲಿನ ‘ಸ’ ತನಕ) ಸ್ವಲ್ಪ ಕಡಿಮೆ. ಅದಕ್ಕೇ ಹಾಡನ್ನು ತಲೆಯಿಂದ ಅಳೀಬೇಡಿ. ಅದರ ತುದಿಯ ಸ್ವರ ಯಾವುದು, ತಳದ ಸ್ವರ ಯಾವುದು ಅಂತ ಕೀಬೋರ್ಡ್ ಮೇಲೆ ಹುಡುಕಿ. ಗುಂಪಿನ ಅತಿ ಸೋತ ದನಿ ಆ ತುದಿಯನ್ನು ಎರಡು ಮಾತ್ರೆ ಹಿಡಿದು ನಿಲ್ಲಬಲ್ಲದಾ ನೋಡಿ. ಅದು ಸರಿಹೋದ ಮೇಲೆ ಷಡ್ಜ (‘ಸ’) ಎಲ್ಲಿ ಬೀಳುತ್ತೋ ಅದೇ ನಿಮ್ಮ ಶ್ರುತಿ.

ಧಾಟಿ ಷಡ್ಜದಿಂದ ಮೇಲಿನ ಷಡ್ಜದೊಳಗೇ ಇದ್ದರೆ ನಾಲ್ಕನೇ ಮನೆ ಇಟ್ಟು ಎಲ್ಲರೂ ಹಾಡಬಹುದು, ಗಂಡಸರಿಗೆ ತುದಿಯ ಒಂದೆರಡು ಸ್ವರ ಬಿಗಿಯಾಗುತ್ತೆ ಅಷ್ಟೆ. ಅದಕ್ಕೂ ಮೇಲೆ ಹೋಗೋ ಧಾಟಿಯಾದರೆ ನುಡಿಗಳನ್ನು ಹೆಂಗಸರು, ಮಕ್ಕಳು ಹಾಡಲಿ, ಪಲ್ಲವಿಗೆ ಗಂಡಸರು ಸೇರಲಿ. ‘ಎಲ್ಲರೂ ಎಲ್ಲವನ್ನೂ ಹಾಡಬೇಕು’ ಅನ್ನೋ ಹಟ ಬಿಡಿ.

ಕೆಂಪುಗುಲಾಬಿ
ಟ್ರ್ಯಾಕನ್ನೇ ಆ್ಯಪಲ್ಲಿ ಇಳಿಸಿದರಾಯ್ತಲ್ಲ?

ಸೌಂಡ್_ಸೆಟ್_ರಮೇಶಣ್ಣ
ಒಂದು, ಹೆಚ್ಚಂದ್ರೆ ಒಂದೂವರೆ ಮನೆ ಇಳಿಸಬಹುದು. ಅದಕ್ಕೂ ಕೆಳಗೆ ಹೋದರೆ ತಬಲಾ ಸದ್ದು ಮಂಕಾಗಿ, ವಯೊಲಿನ್ ಎಲ್ಲ ಮೂಗಲ್ಲಿ ಹಾಡಿದಂಗೆ ಆಗುತ್ತೆ. ಟ್ರ್ಯಾಕಿನ ಇನ್ನೊಂದು ತೊಂದರೆ, ಅದು ಕಾಯಲ್ಲ. ಮಕ್ಕಳು ಅರ್ಧ ಸಾಲು ತಡ ಮಾಡಿದರೆ ಮುಗೀತು, ಆಮೇಲೆ ಕೊನೆ ತನಕ ಹಿಂದೇನೇ. ಹಾರ್ಮೋನಿಯಂ ನುಡಿಸೋರು ಒಬ್ಬರಿದ್ದರೆ ಪಲ್ಲವಿ ಇನ್ನೊಂದು ಸಲ ತಿರುಗಿಸಿ ಎಲ್ಲರನ್ನೂ ಕೂಡಿಸ್ಕೊಳ್ತಾರೆ.

ಕೀಬೋರ್ಡ್ ತಂದರೆ ಟ್ರಾನ್ಸ್‌ಪೋಸ್ ಗುಂಡಿ (ಶ್ರುತಿ ಏರಿಸೋದು, ಇಳಿಸೋದು) ಮೇಲೆ ಕಣ್ಣಿರಲಿ. ಹಿಂದಿನ ತಂಡದವರು +2ಕ್ಕೆ ಇಟ್ಟು ಹೋಗಿರ್ತಾರೆ. ನುಡಿಸೋರು ನೋಡದೆ ಶುರು ಮಾಡಿದರೆ ಇಡೀ ಗುಂಪು ಎರಡನೇ ನುಡಿಯಲ್ಲಿ ಕಿರುಚುತ್ತೆ. ಪರದೆ ಮೇಲೆ 0 ಕಂಡ ಮೇಲೇ ಕೈ ಇಡಿ.

ಧಾರವಾಡ_ಠೇಕಾ
ಛಂದಸ್ಸಿನವರ ಮಾತಿಗೆ ಒಂದು ಜೋಡಸ್ತೇನ್ರಿ. ‘ಯುಗಯು–ಗಾದಿ–ಕಳೆದ–ರೂಯು–ಗಾದಿ–ಮರಳಿ–ಬರುತಿ–ದೆ’. ಮೂರು ಮೂರು ಮಾತ್ರೆ ನೋಡ್ರಿ. ಆರು ಮಾತ್ರೆಯ ದಾದರಾ ತಾಳ ಇದಕ್ಕ ಹೇಳಿ ಮಾಡಿಸಿದ್ದು: ಧಾ ಧಿಂ ನಾ, ಧಾ ತಿಂ ನಾ. ಎಲ್ಲಿ ಕೆಡತದ ಅಂದ್ರ ‘ಕಳೆದರೂ’ ಆದಮ್ಯಾಗ ಬರೋ ಎರಡನೇ ‘ಯುಗಾದಿ’ಯೊಳಗ. ಅದರ ‘ಯು’ ಗುಂಪಿನ ಕಡೀ ಮಾತ್ರೆಗೆ ಬೀಳತದ, ಪೆಟ್ಟು ಬೀಳೋದು ‘ಗಾ’ದ ಮ್ಯಾಲೆ. ಹೊಸಬರು ‘ಯು’ಕ್ಕೇ ಒತ್ತು ಕೊಟ್ಟು ಹಾಡತಾರ, ಅಲ್ಲೇ ಒಂದು ಮಾತ್ರೆ ಹೆಚ್ಚಾಗಿ ತಬಲಾದವ ಒಂದ ಕಡೆ, ಹಾಡೋರು ಒಂದ ಕಡೆ. ಶಬ್ದ ಒಡದ್ಹಂಗ ಅನಸ್ತದಂತ ‘ರೂ’ ಆದಮ್ಯಾಲೆ ಉಸಿರು ತಗೊಳ್ಳಾಕ ಹೋಗತಾರ, ಅದಽ ಮೂಲ ರೋಗ. ಅಲ್ಲಿ ಉಸಿರಿಗೆ ಜಾಗ ಇಲ್ರಿ. ‘ಬರುತಿದೆ’ ಮುಗಿದ ಮ್ಯಾಲೆ ತಗೋಬೇಕು. ಇಷ್ಟು ಒಂದು ಸಾಲು ಬರೇ ಚಪ್ಪಾಳಿ ಹಾಕಿ ಮಾತಿನಾಗ ಹತ್ತು ಸಲ ಹೇಳಸ್ರಿ, ಆಮ್ಯಾಲೆ ಸ್ವರ ಕೊಡ್ರಿ.

ಬಡಾವಣೆ_ಗಾನಬಳಗ
ಇದು ತುಂಬಾ ಉಪಯೋಗ ಆಯ್ತು ಸರ್. ಹಾಗಾದರೆ ಇದರ ಹಿಂದೆಯೇ ಯಾವ ಹಾಡು ಕೂರುತ್ತೆ?

ಛಂದಸ್ಸಿನ_ಹುಚ್ಚು
ಕುವೆಂಪು ‘ಓ ನನ್ನ ಚೇತನ, ಆಗು ನೀ ಅನಿಕೇತನ’. ಕಾರಣ ಎರಡು. ಪಲ್ಲವಿ ಬಿಟ್ಟು ನುಡಿಗಳನ್ನು ನೋಡಿ: ‘ರೂಪ–ರೂಪ–ಗಳನು–ದಾಟಿ’, ‘ನೂರು–ಮತದ–ಹೊಟ್ಟ–ತೂರಿ’. ಇದೂ ಮೂರು ಮಾತ್ರೆಯದೇ ನಡಿಗೆ. ಯುಗಾದಿ ಹಾಡಿನ ಅದೇ ಶ್ರುತಿ, ಅದೇ ಕಾಲದಲ್ಲಿ ಅನುವು ಮಾಡಿಕೊಂಡರೆ ನಡುವೆ ನಿಲ್ಲಿಸದೆ ದಾಟಬಹುದು.

ಎರಡನೆಯದು ಅರ್ಥ. ಬೇಂದ್ರೆ ನಮಗೇಕೆ ಹೊಸ ಹುಟ್ಟಿಲ್ಲ ಅಂತ ಕೇಳಿದರೆ, ಕುವೆಂಪು ತನ್ನ ಚೇತನಕ್ಕೇ ಅಪ್ಪಣೆ ಮಾಡ್ತಾರೆ: ಎಲ್ಲಿಯೂ ನಿಲ್ಲದಿರು, ಮನೆ ಕಟ್ಟದಿರು, ಕೊನೆ ಮುಟ್ಟದಿರು. ಸಂಕಲ್ಪಕ್ಕೆ ಬೇಕಾದ ಹಾಡಿನಲ್ಲಿ ಹೀಗೆ ‘ಆಗು’, ‘ಬೇಡ’, ‘ಮಾಡುವೆವು’ ಅನ್ನೋ ಕ್ರಿಯೆ ಇರಬೇಕು. ಚಿಗುರು, ಕೋಗಿಲೆ, ಮಾವು ಅಂತ ವಸಂತದ ವರ್ಣನೆ ಎಷ್ಟು ಚೆನ್ನಾಗಿದ್ದರೂ ಚೀಟಿ ಬರೆಯೋ ಕೈಗೆ ಏನೂ ಕೊಡೋದಿಲ್ಲ.

ಮಲ್ನಾಡ್_ಮಳೆ
ಈ ಮಾತಿಗೆ ಮಾತ್ರ ಪೂರ್ತಿ ಒಪ್ಪಿಗೆ. ಹಾಗೆ ನೋಡಿದರೆ ಬಸವಣ್ಣನವರ ‘ಕಳಬೇಡ ಕೊಲಬೇಡ’ಕ್ಕಿಂತ ದೊಡ್ಡ ಸಂಕಲ್ಪ ಪಟ್ಟಿ ಯಾವುದಿದೆ? ಏಳು ಬೇಡಗಳು: ಕಳವು, ಕೊಲೆ, ಸುಳ್ಳು, ಮುನಿಸು, ಅನ್ಯರಿಗೆ ಅಸಹ್ಯಪಡೋದು, ತನ್ನ ಬಣ್ಣಿಸೋದು, ಇದಿರ ಹಳಿಯೋದು. ಕೊನೆಯ ಎರಡನ್ನು ವಾಟ್ಸಾಪ್ ಗುಂಪುಗಳಲ್ಲಿ ಒಂದು ವರ್ಷ ಪಾಲಿಸಿದರೆ ಬಡಾವಣೆ ಬದಲಾಗುತ್ತೆ.

ಶ್ರುತಿಪೆಟ್ಟಿಗೆ
ವಚನ ಸರಿ, ಗುಂಪಿಗೆ ಕಷ್ಟ. ಸಾಲುಗಳ ಉದ್ದ ಸಮ ಇಲ್ಲ, ಬಲ್ಲವರು ಎಳೆದು ಬಿಟ್ಟು ಹಾಡ್ತಾರೆ. 25 ಜನ ಒಂದೇ ಕಡೆ ಎಳೆಯಲಾರರು, ಒಂದೇ ಕಡೆ ಬಿಡಲಾರರು. ಒಬ್ಬರು ‘ಕಳಬೇಡ’ ಅನ್ನಲಿ, ಎಲ್ಲರೂ ಅದನ್ನೇ ಮರಳಿ ಹೇಳಲಿ. ಸಭಿಕರಿಗೂ ಹೇಳಿಸಬಹುದು, ತಾಳವೂ ಬೇಕಿಲ್ಲ. ಹಿಂದೆ ಬರೀ ಶ್ರುತಿ ಇದ್ದರೆ ಸಾಕು. ಕೊನೆಯ ಸಾಲು ‘ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ’ಯನ್ನು ಮಾತ್ರ ಒಟ್ಟಿಗೆ ಹಾಡಿ.

ಕಡಲತಡಿ
ದಾಸರ ಪದ ಒಂದೂ ಬರಲಿಲ್ಲ ಇಲ್ಲಿ, ಎಂತ ಮಾರಾಯ್ರೆ! ಪುರಂದರದಾಸರ ‘ಈಸಬೇಕು ಇದ್ದು ಜಯಿಸಬೇಕು’. ಸಂಸಾರ ಬಿಟ್ಟು ಓಡುವುದಲ್ಲ, ಅದರಲ್ಲೇ ಇದ್ದು ಗೆಲ್ಲುವುದು. ಇದೂ ಮೂರು ಮಾತ್ರೆಗೆ ಕೂರ್ತದೆ: ಈಸ–ಬೇಕು–ಇದ್ದು–ಜಯಿಸ–ಬೇಕು. ಮಕ್ಕಳಿಗೆ ಎರಡು ದಿನದಲ್ಲಿ ಬಾಯಿಗೆ ಬರ್ತದೆ. ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೇ’ ಕೂಡ ಉಂಟು, ಆದರೆ ಅದು ಒಬ್ಬರೇ ಹಾಡುವಂಥದ್ದು. ಗುಂಪಿಗೆ ಕೊಟ್ಟರೆ ಅದರ ನೆಮ್ಮದಿ ಹೋಗ್ತದೆ.

ನಮ್ಮಲ್ಲಿ ಸೌರಮಾನ, ಏಪ್ರಿಲ್ ನಡುವಿಗೆ ಬರುವ ಬಿಸು ಹಬ್ಬವೇ ಹೊಸ ವರ್ಷ. ಯಾರಾದರೂ ಎರಡೂ ಕಡೆ ಕಾರ್ಯಕ್ರಮ ಮಾಡುವವರಿದ್ದರೆ ದಾಸರ ಪದ ಎರಡಕ್ಕೂ ಆಗ್ತದೆ. ‘ಯುಗಾದಿ’ ಶಬ್ದದ ಗೊಡವೆ ಇಲ್ಲ.

ಅಣೆಕಟ್ಟು_ಹುಡುಗ
‘ನಡೆ ಮುಂದೆ ನಡೆ ಮುಂದೆ ನುಗ್ಗಿ ನಡೆ ಮುಂದೆ’ ಇಡಿ! ಮೈ ಜುಮ್ ಅನ್ನುತ್ತೆ. ಮಕ್ಕಳನ್ನು ಹೆಜ್ಜೆ ಹಾಕಿಸಿಕೊಂಡೇ ವೇದಿಕೆಗೆ ಕರೆತರಬಹುದು.

ಛಂದಸ್ಸಿನ_ಹುಚ್ಚು
ಹಾಡು ಇಡಿ, ಹೆಜ್ಜೆ ಮಾತ್ರ ಹುಷಾರು. ಇದು ಐದು ಮಾತ್ರೆಯ ಪದ್ಯ: ನಡೆಮುಂದೆ | ನಡೆಮುಂದೆ | ನುಗ್ಗಿನಡೆ | ಮುಂದೆ. ಐದಕ್ಕೆ ಎಡ ಬಲ ಎಡ ಬಲ ಅಂತ ಹಾಕಿದರೆ ಒಂದು ಸಾಲಲ್ಲಿ ‘ನಡೆ’ ಎಡಗಾಲಿಗೆ, ಮುಂದಿನದರಲ್ಲಿ ಬಲಗಾಲಿಗೆ ಬಂದು ಮಕ್ಕಳು ಮುಗ್ಗರಿಸ್ತಾರೆ. ಪ್ರತಿ ಐದರ ತಲೆಗೆ ಒಂದೇ ಹೆಜ್ಜೆ ಇಡಿಸಿ. ನಿಧಾನ ಅನ್ನಿಸಿದರೂ ಗಂಭೀರವಾಗಿ ಕಾಣುತ್ತೆ.

ಅಡಿಗರ ‘ಕಟ್ಟುವೆವು ನಾವು ಹೊಸ ನಾಡೊಂದನು’ ಕೂಡ ಐದೇ: ಕಟ್ಟುವೆವು | ನಾವುಹೊಸ | ನಾಡೊಂದ | ನು. ಡಿವಿಜಿ ಕಗ್ಗವೂ ಅಷ್ಟೆ: ಹೊಸಚಿಗುರು | ಹಳೆಬೇರು | ಕೂಡಿರಲು | ಮರಸೊಬಗು. ಹೊಸತನದ ಬಗ್ಗೆ ಕನ್ನಡದಲ್ಲಿ ಬಂದ ಗಟ್ಟಿ ಸಾಲುಗಳಲ್ಲಿ ಎಷ್ಟೊಂದು ಈ ಐದರ ಲಯದಲ್ಲಿವೆ ನೋಡಿ. ನಾಲ್ಕರ ಹಾಗೆ ಅಲ್ಲಲ್ಲೇ ಕೂರೋದಿಲ್ಲ ಅದು, ಮುಂದಕ್ಕೆ ದೂಡ್ತಾನೇ ಇರುತ್ತೆ.

ಧಾರವಾಡ_ಠೇಕಾ
ಪದ್ಯದ ಮಾತ್ರೆ ಬ್ಯಾರೆ, ಹಾಡಿನ ತಾಳ ಬ್ಯಾರೆ ಅನ್ನೋದು ಮರೀಬ್ಯಾಡ್ರಿ. ರಾಗ ಹಾಕಿದವರು ದೀರ್ಘ ಎಳದು ಐದನ್ನ ಎಂಟರೊಳಗ ಕೂಡಿಸಿರಬಹುದು. ನೀವು ಕಲಿಯೋ ಧಾಟಿ ಯಾವದು ಅಂತ ಮೊದಲ ನೋಡ್ರಿ. ಧಾಟಿ ಕೇಳಕೋತ ‘ಕಟ್’, ‘ನಾವು’, ‘ನಾಡೊಂದ’ ಇವುಗಳ ತಲಿಗೆ ಚಪ್ಪಾಳಿ ಹೊಡೀರಿ. ಅಂತರ ಸಮ ಇದ್ದು, ನಡುವ ಐದು ಎಣಿಕಿ ಬಂದ್ರ ಹತ್ತು ಮಾತ್ರೆಯ ಝಪ್‌ತಾಲ ಹಿಡೀರಿ: ಧಿಂ ನಾ, ಧಿಂ ಧಿಂ ನಾ, ತಿಂ ನಾ, ಧಿಂ ಧಿಂ ನಾ. ನಾಲ್ಕೋ ಎಂಟೋ ಬಂದ್ರ ಎಂಟು ಮಾತ್ರೆಯ ಕೆಹರ್ವಾ ಹಚ್ಚಿ ಸುಮ್ಮನಾಗ್ರಿ. ಇನ್ನೊಂದು, ‘ನಡೆ ಮುಂದೆ’ ಎರಡು–ಮೂರು, ‘ನುಗ್ಗಿ ನಡೆ’ ಮೂರು–ಎರಡು. ಶಬ್ದದ ಬೆನ್ನ ಹತ್ತಿ ಠೇಕಾ ಬದಲಾಯಿಸಬ್ಯಾಡ್ರಿ. ತಬಲಾ ತನ್ನ ದಾರೀಲೆ ಹೋಗಲಿ, ಶಬ್ದ ಅದರ ಮ್ಯಾಲೆ ಹಾಯ್ದು ಹೋಗಲಿ. ಚಂದ ಇರೋದಽ ಅದರಾಗ.

ಮತ್ತ ಕಡೀಕ ಸತೀಶ ಕುಲಕರ್ಣಿ ಅವರ ‘ಕಟ್ಟತೇವ ನಾವು ಕಟ್ಟತೇವ’ ಇಡ್ರಿ. ಒಡೆದ ಮನಸುಗಳನ್ನ, ಕಂಡ ಕನಸುಗಳನ್ನ ಕಟ್ಟತೇವ ಅನ್ನೋ ಹಾಡು. ಹಾರ್ಮೋನಿಯಂ ಬ್ಯಾಡ, ಒಂದು ಹಲಗಿ ಸಾಕು. ಒಬ್ಬರು ಹೇಳೋದು, ಉಳದವರು ಎತ್ತಿಕೊಳ್ಳೋದು. ಸಭಾದವರು ಎರಡನೇ ಸಲಕ್ಕೇ ಸೇರತಾರ.

ಕೆಂಪುಗುಲಾಬಿ
ಅದು ಚಳವಳಿ ಹಾಡು ಅಲ್ವಾ? ಹಬ್ಬಕ್ಕೆ ಹೊಂದುತ್ತಾ?

ಧಾರವಾಡ_ಠೇಕಾ
ಮನಸು ಕಟ್ಟೋದಕ್ಕ ಹಬ್ಬಕ್ಕಿಂತ ಛಲೋ ದಿನ ಯಾವದೈತ್ರಿ?

ಅಣೆಕಟ್ಟು_ಹುಡುಗ
ಸಿನಿಮಾದ್ದು ಒಂದಾದರೂ ಬೇಕು. ‘ಬಂಗಾರದ ಮನುಷ್ಯ’ದ (1972) ‘ಆಗದು ಎಂದು, ಕೈಲಾಗದು ಎಂದು’. ಅದಕ್ಕೂ ಜಿ.ಕೆ. ವೆಂಕಟೇಶ್ ಅವರೇ ಸಂಗೀತ, ಹಾಡಿದ್ದು ಪಿ.ಬಿ. ಶ್ರೀನಿವಾಸ್. ಆರು ಜನ ಗಂಡಸರಿಗೆ ಇದನ್ನು ಬಿಟ್ಟುಕೊಡಿ, ಸುಮ್ಮನೆ ಪಲ್ಲವಿಗೆ ನಿಂತು ಬೇಜಾರಾಗಿರ್ತಾರೆ.

ಶ್ರುತಿಪೆಟ್ಟಿಗೆ
ಒಳ್ಳೇ ಸಲಹೆ. ಅದಕ್ಕೆ ಶ್ರುತಿ ಒಂದು ಅಥವಾ ಒಂದೂವರೆ ಮನೆಗೆ ಇಳಿಸಬೇಕಾಗುತ್ತೆ. ನಾಲ್ಕನೇ ಮನೆಯಿಂದ ಒಂದಕ್ಕೆ ಥಟ್ಟನೆ ಬಂದರೆ ಕೇಳುವವರಿಗೆ ಕಸಿವಿಸಿ, ಹಾಡುವವರಿಗೆ ಹಳೇ ಷಡ್ಜ ಕಿವಿಯಲ್ಲೇ ಕೂತಿರುತ್ತೆ. ನಡುವೆ ಶ್ರುತಿ ಪೂರ್ತಿ ನಿಲ್ಲಿಸಿ 30–40 ಸೆಕೆಂಡ್ ಮಾತು ಬರಲಿ. ಅಲ್ಲಿ ಕಗ್ಗದ ‘ಹೊಸ ಚಿಗುರು ಹಳೆ ಬೇರು’ ಪದ್ಯವನ್ನು ಒಬ್ಬರು ಓದಲಿ. ಆಮೇಲೆ ಹೊಸ ಶ್ರುತಿ ಹಾಕಿ, ನಾಲ್ಕು ಉಸಿರು ಕಾದು ಶುರು ಮಾಡಿ.

ಜಿ.ಎಸ್. ಶಿವರುದ್ರಪ್ಪನವರ ‘ಹಣತೆ ಹಚ್ಚುತ್ತೇನೆ ನಾನೂ’ ಕೂಡ ಹೀಗೇ ಓದೋಕೆ ಲಾಯಕ್ಕು. ಕತ್ತಲನ್ನು ಗೆಲ್ತೀನಿ ಅನ್ನೋ ಜಿದ್ದಿಲ್ಲದೆ ದೀಪ ಹಚ್ಚೋ ಮಾತು. ಹೊಸ ವರ್ಷಕ್ಕೆ ದಿನಾ ಹತ್ತು ಕಿಲೋಮೀಟರ್ ಓಡ್ತೀನಿ ಅಂತ ಬರೆಯೋಕೆ ಹೊರಟವರು ಚೀಟಿಯಲ್ಲಿ ಎರಡು ಅಂತ ಬರೀತಾರೆ, ಆ ಎರಡು ಉಳಿಯುತ್ತೆ.

ಕಡಲತಡಿ
ಚೀಟಿ ಬರೆಸುವುದು ಯಾವಾಗ? ಕೊನೆಗೆ ಇಟ್ಟರೆ ಜನ ಊಟದ ಕಡೆ ಎದ್ದು ಹೋಗ್ತಾರೆ.

ಛಂದಸ್ಸಿನ_ಹುಚ್ಚು
ಕೊನೆಯ ಹಾಡಿಗೆ ಮುಂಚೆ. ಲೆಕ್ಕ ಹೀಗೆ ಹಾಕಿ. ಬೇವು-ಬೆಲ್ಲದ ‘ಶತಾಯುರ್ವಜ್ರದೇಹಾಯ’ ಶ್ಲೋಕ ಅರ್ಧ ನಿಮಿಷ. ಯುಗಾದಿ ಮತ್ತು ಅನಿಕೇತನ ಸೇರಿ ಎಂಟು ನಿಮಿಷ. ಕಗ್ಗ ಒಂದು ನಿಮಿಷ. ಗಂಡಸರ ಹಾಡು ಮೂರೂವರೆ. ಚೀಟಿಗೆ ಎರಡೂವರೆ ನಿಮಿಷ, ಆಗ ಹಾಡು ಬೇಡ, ತಂಬೂರಿ ಮಾತ್ರ. ಹಾಡು ನಡೀತಿದ್ದರೆ ಜನ ಬರೆಯೋದಿಲ್ಲ, ಕೇಳ್ತಾರೆ. ಆಮೇಲೆ ‘ಕಟ್ಟತೇವ’ ಮೂರು ನಿಮಿಷ, ಡಬ್ಬಿ ಸಾಲುಸಾಲಾಗಿ ತಿರುಗಲಿ. ಇದೇ ಹದಿನೆಂಟೂವರೆ ಆಯ್ತು. ಉಳಿದದ್ದು ಮೈಕ್ ಸರಿಮಾಡೋಕೆ, ಮಕ್ಕಳು ಜಾಗ ಬದಲಾಯಿಸೋಕೆ ಬೇಕೇ ಬೇಕು. ಇನ್ನೊಂದು ಹಾಡು ತುರುಕಬೇಡಿ.

ಮಲ್ನಾಡ್_ಮಳೆ
ಹಾಗಾದರೆ ವಚನ, ಈಸಬೇಕು, ನಡೆ ಮುಂದೆ, ಅಡಿಗರು ಎಲ್ಲ ಬಿಟ್ಟು ಹೋಯ್ತಲ್ಲ.

ಛಂದಸ್ಸಿನ_ಹುಚ್ಚು
ಹೌದು. ಝಪ್‌ತಾಲ ನುಡಿಸೋರು ಸಿಕ್ಕರೆ ‘ಆಗದು ಎಂದು’ ತೆಗೆದು ಅಡಿಗರನ್ನು ಹಾಕಲಿ. ಸಿಗದಿದ್ದರೆ ಬೇಡ. ಐದರ ಲಯ ಕೆಟ್ಟರೆ ಪದ್ಯವೇ ಕೆಡುತ್ತೆ.

ಹೊರನಾಡು_ಕೂಟ
ಇಲ್ಲಿ ಮಕ್ಕಳು ಕನ್ನಡ ಓದಲಾರರು, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡ್ತೀವಿ. ‘ಬಾಳು’ ‘ಬಾಲು’ ಆಗುತ್ತೆ, ‘ಹರೆಯ’ ‘ಹಾರೇಯ’ ಆಗುತ್ತೆ. ಏನು ಮಾಡಬಹುದು?

ಶ್ರುತಿಪೆಟ್ಟಿಗೆ
ದೀರ್ಘಕ್ಕೆ ಅಕ್ಷರ ಎರಡು ಸಲ ಬರೆಯಿರಿ; ಟ, ಡ, ಣ, ಳ ಬಂದಲ್ಲಿ ದೊಡ್ಡಕ್ಷರ ಹಾಕಿ, ತ, ದ, ನ, ಲ ಬಂದಲ್ಲಿ ಚಿಕ್ಕದು. ಒಂದು ಹಾಳೆಗೆ ಒಂದೇ ಹಾಡು. ಉಸಿರು ತಗೊಳ್ಳೋ ಕಡೆ ಕೆಂಪು ಗೀಟು. ಮೊದಲ ವಾರ ಹಾಳೆ ಕೊಡಲೇಬೇಡಿ, ಕಿವಿಯಿಂದಲೇ ಹೇಳಿಕೊಡಿ. ಉಚ್ಚಾರ ಕೂತ ಮೇಲೆ ಹಾಳೆ ಬರೀ ನೆನಪಿಗೆ.

ಅಣೆಕಟ್ಟು_ಹುಡುಗ
ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬಹುದಾ? ಹಳೇ ಹಾಡು ತಾನೇ, ಹಕ್ಕು ಗಿಕ್ಕು ಇರಲ್ಲ.

ಕಾಪಿಹಕ್ಕು_ವಕೀಲ
ಇರುತ್ತೆ. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಬೇಂದ್ರೆ 1981ರಲ್ಲಿ ತೀರಿಕೊಂಡರು, ಹಾಗಾಗಿ 2041 ಮುಗಿಯುವ ತನಕ. ಡಿವಿಜಿ 1975, ಅಂದರೆ 2035ರ ತನಕ. ಅಡಿಗರು 1992, ಕುವೆಂಪು 1994, ಇನ್ನೂ ದೂರ ಇದೆ. ವಚನ, ದಾಸರ ಪದಗಳ ಸಾಹಿತ್ಯ ಎಲ್ಲರದು, ಆದರೆ ಅದಕ್ಕೆ ಈಚಿನವರು ಹಾಕಿದ ರಾಗ ಎಲ್ಲರದಲ್ಲ.

ವೇದಿಕೆಯ ಮಟ್ಟಿಗೆ ಭಯ ಬೇಡ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಹಾಡಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೇ ವಿನಾಯಿತಿ ಇದೆ. ಯೂಟ್ಯೂಬ್ ಅದರೊಳಗೆ ಬರಲ್ಲ. ಸಿನಿಮಾ ಧಾಟಿಗೆ, ಅದರಲ್ಲೂ ಕರೋಕೆ ಟ್ರ್ಯಾಕ್ ಹಾಕಿ ಹಾಡಿದ್ದಕ್ಕೆ, ಹಕ್ಕುದಾರರ ಕ್ಲೇಮ್ ಬರೋ ಸಂಭವ ಹೆಚ್ಚು. ಮತ್ತೆ ಕವಿಯ ಹೆಸರನ್ನು ವೇದಿಕೆ ಮೇಲೆ ಹೇಳೋದು ಮರೀಬೇಡಿ.

ಸೌಂಡ್_ಸೆಟ್_ರಮೇಶಣ್ಣ
ಮೈಕ್ ವಿಷಯ ಯಾರೂ ಕೇಳಲಿಲ್ಲ. 25 ಜನಕ್ಕೆ 25 ಮೈಕ್ ಬೇಡ. ಮೂರು ಸಾಲು ಅರ್ಧಚಂದ್ರವಾಗಿ ನಿಲ್ಲಿಸಿ, ಮಕ್ಕಳು ಮುಂದೆ, ಗಂಡಸರು ಹಿಂದೆ ನಡುವೆ. ಸ್ಟ್ಯಾಂಡ್ ಮೈಕ್ ಮೂರು, ಮೊದಲ ಸಾಲಿಂದ ಎರಡೂವರೆ ಅಡಿ ದೂರ, ಎರಡನೇ ಸಾಲಿನ ಬಾಯಿಯ ಎತ್ತರಕ್ಕೆ. ಸ್ಪೀಕರ್ ಪೆಟ್ಟಿಗೆ ಮೈಕಿಗಿಂತ ಮುಂದೆ ಇರಲಿ, ಹಿಂದೆ ಇದ್ದರೆ ಕುಂಯ್ ಅನ್ನುತ್ತೆ. ದನಿ ಗಟ್ಟಿ ಇರೋರು ಮೈಕ್ ಹತ್ತಿರ ಬೇಡವೇ ಬೇಡ. ಹಾರ್ಮೋನಿಯಂಗೆ ಮೈಕ್ ಕೊಡಬೇಡಿ, ತಾನಾಗೇ ಕೇಳುತ್ತೆ. ಶ್ರುತಿ ಆ್ಯಪ್ ಇರೋ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ಮಿಕ್ಸರಿಗೆ ಕೊಡಿ. ಇಲ್ಲದಿದ್ದರೆ ಚೀಟಿ ಬರೆಯೋ ಹೊತ್ತಿಗೆ ಸರಿಯಾಗಿ ಯಾರದೋ ಕರೆ ಬರುತ್ತೆ.

ಕಡಲತಡಿ
ಬೇವು-ಬೆಲ್ಲ ಹಾಡುವ ಮೊದಲು ಹಂಚುವುದೋ, ಆಮೇಲೋ?

ಮಲ್ನಾಡ್_ಮಳೆ
ಹಾಡೋರಿಗೆ ಆಮೇಲೆ. ಹುರಿಗಡಲೆ ಪುಡಿ ಹಾಕಿದ್ದರಂತೂ ಗಂಟಲಿಗೆ ಅಂಟಿ ಕೆಮ್ಮು ಬರುತ್ತೆ. ಸಭಿಕರಿಗೆ ಶ್ಲೋಕ ಆಗುವಾಗ ಹಂಚಿ. ಬೇವಿನ ಹೂವು ಹೆಚ್ಚು, ಎಳೆ ಚಿಗುರು ಕಡಿಮೆ ಹಾಕಿ, ಬಲಿತ ಎಲೆ ಬೇಡ. ಮಕ್ಕಳು ಉಗಿಯೋದು ಎಲೆಯ ಕಹಿಗೆ.

ಬಡಾವಣೆ_ಗಾನಬಳಗ
ಪಟ್ಟಿ ಇಳಿಸಿಕೊಂಡೆ. ಝಪ್‌ತಾಲ ಬಲ್ಲವರು ನಮ್ಮಲ್ಲಿ ಒಬ್ಬರಿದ್ದಾರಂತೆ, ಈ ಭಾನುವಾರ ಕೇಳ್ತೀನಿ. ಅವರು ಒಪ್ಪಿದರೆ ‘ಕಟ್ಟುವೆವು ನಾವು’ ಎಷ್ಟು ನುಡಿ ಹಾಡಿಸಲಿ?

ಧಾರವಾಡ_ಠೇಕಾ
ಮೊದಲ ಅಭ್ಯಾಸಕ್ಕ ಪಲ್ಲವಿ ಅಷ್ಟೇ ಹಿಡೀರಿ. ಐದಕ್ಕ ಒಂದು ಚಪ್ಪಾಳಿ, ತಬಲಾ ಇಲ್ಲದ. ಚಪ್ಪಾಳಿ ಓಡಾಕ ಹತ್ತಿದ್ರ ನಿಲ್ಲಿಸಿ ಮತ್ತ ಮೊದಲಿಂದ. ಅದು ನಿಂತಮ್ಯಾಗ ಎರಡು ನುಡಿ ಸೇರಸ್ರಿ, ಮೂರನೇದಕ್ಕ ಕೈ ಹಾಕಬ್ಯಾಡ್ರಿ.